ಸೂರ್ಯ ದೊಡ್ಡದಾಗುವ ಮುಂಚೆ

ನಮ್ಮಜ್ಜಿಗೆ ಒಂದು ಅಭ್ಯಾಸ. ಮನೆಯಲ್ಲಿ ಯಾವ ಪದಾರ್ಥ ಮುಗಿದರೂ ಮುಗಿಯಿತು ಅನ್ನುವುದಿಲ್ಲ. ಡಬ್ಬದ ತಳ ಕೆರೆದು, ಮುಚ್ಚಳ ಹಾಕಿ, ಮೇಲೊಮ್ಮೆ ಮೆಲ್ಲಗೆ ತಟ್ಟಿ, ‘ಅಕ್ಕಿ ಹೆಚ್ಚಾಗಿದೆ’ ಅನ್ನುತ್ತಾಳೆ. ಸಕ್ಕರೆ ಮುಗಿದರೆ ಸಕ್ಕರೆ ಹೆಚ್ಚಾಗಿದೆ. ಬಳೆ ಒಡೆದರೆ ಬಳೆ ಹೆಚ್ಚಾಯ್ತು. ದೀಪವನ್ನಂತೂ ಯಾರೂ ಆರಿಸುವ ಹಾಗೇ ಇಲ್ಲ. ‘ದೊಡ್ಡದು ಮಾಡು’ ಅನ್ನಬೇಕು. ಇಲ್ಲ, ಮುಗೀತು, ಆರಿತು ಅನ್ನುವ ಮಾತು ಬಾಯಿಂದ ಬಿದ್ದರೆ ಅದು ಹೊಸಲು ದಾಟಿ ಒಳಗೆ ಬಂದು ಕೂತುಬಿಡುತ್ತೆ ಅಂತ ಅವಳ ಭಯ.

ನನ್ನ ಕೆಲಸ ಏನೆಂದರೆ, ಊರೂರಿಗೆ ಹೋಗಿ ಸೂರ್ಯ ಮುಗಿದುಹೋಗುತ್ತಾನೆ ಅಂತ ಹೇಳುವುದು.

ನಾನು ಒಂದು ಸಂಚಾರಿ ತಾರಾಲಯದಲ್ಲಿದ್ದೇನೆ. ಹೆಸರು ಕೇಳಿ ಏನೋ ಅಂದುಕೊಳ್ಳಬೇಡಿ. ಒಂದು ವ್ಯಾನು, ಒಬ್ಬ ಡ್ರೈವರಣ್ಣ, ಫ್ಯಾನಿನಿಂದ ಗಾಳಿ ತುಂಬಿದರೆ ಬೋರಲು ಹಾಕಿದ ಬಾಣಲೆಯ ಹಾಗೆ ನಿಲ್ಲುವ ಕಪ್ಪು ಟೆಂಟು, ಒಳಗೊಂದು ಪ್ರೊಜೆಕ್ಟರು, ಅಷ್ಟೆ. ಶಾಲೆಯ ಮಕ್ಕಳು ಟೆಂಟಿನೊಳಗೆ ಕತ್ತಲಲ್ಲಿ ಕೂರುತ್ತಾರೆ, ತಲೆಯ ಮೇಲೆ ನಕ್ಷತ್ರಗಳು ಮೂಡುತ್ತವೆ, ನಾನು ಮಾತಾಡುತ್ತೇನೆ. ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳುವುದಕ್ಕೇ ಗಂಟಲು ಒಣಗುತ್ತೆ. ಈ ಕೆಲಸ ಒಪ್ಪಿಕೊಂಡದ್ದೇ ಅಲ್ಲಿ ಕತ್ತಲಿರುತ್ತೆ ಅಂತ.

ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ಮೊಮ್ಮಗಳು, ಮುಗಿದದ್ದನ್ನು ಮುಗಿಯಿತು ಅನ್ನದ ಅಜ್ಜಿ, ಇಬ್ಬರೂ ಒಂದೇ ಮನೆಯಲ್ಲಿದ್ದರೆ ಮಾತಿನ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಆದರೆ ಈ ವರ್ಷ ಅಜ್ಜಿಗೆ ಹಿತ್ತಲಿಗೆ ಹೋಗಿಬಂದರೂ ಏದುಸಿರು. ಹಾಗಾಗಿ ನಾನೀಗ ನಗುವುದೂ ಸ್ವಲ್ಪ ಹೆದರಿಕೊಂಡೇ.

ದೇವರ ದೀಪ

ಚಿಕ್ಕವಳಿದ್ದಾಗ ನಾನು ತುಮಕೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದೆ. ಅಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ರಜೆಗೆ ಬಂದಿದ್ದಾಗ ಅಜ್ಜಿಯೂ ನಾನೂ ನೊಣವಿನಕೆರೆಗೆ ಒಂದು ಗೃಹಪ್ರವೇಶಕ್ಕೆ ಹೊರಟೆವು. ಅಜ್ಜಿ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಾ, ‘ಪುಟ್ಟೀ, ದೇವರ ದೀಪ ದೊಡ್ಡದು ಮಾಡಿ ಬೀಗ ಹಾಕ್ಕೊಂಡು ಬಾ’ ಅಂದಳು.

ಹೇಳಿದ ಹಾಗೇ ಮಾಡಿದೆ. ಗಿಂಡಿಯಲ್ಲಿದ್ದ ಎಣ್ಣೆಯನ್ನೆಲ್ಲ ದೀಪಕ್ಕೆ ಬಗ್ಗಿಸಿದೆ. ಬತ್ತಿ ಮುಂದಕ್ಕೆಳೆದೆ. ಸಾಲದು ಅನ್ನಿಸಿ ಇನ್ನೊಂದಿಷ್ಟು ಬತ್ತಿ ಸೇರಿಸಿದೆ. ದೇವರ ಮನೆಯ ಮೇಲೇ ನಮ್ಮ ಅಟ್ಟ. ಅಟ್ಟದ ತುಂಬ ಕೊಬ್ಬರಿಗೆ ಅಂತ ಹಾಕಿದ ಕಾಯಿ, ಒಣಗಿದ ಸಿಪ್ಪೆ ಸಮೇತ.

ಬಸ್ಸು ಊರು ದಾಟಿದ ಮೇಲೆ ಅಜ್ಜಿ ಕೇಳಿದಳು, ‘ದೀಪ ದೊಡ್ಡದು ಮಾಡ್ದ್ಯಾ?’

‘ಹೂಂ ಅಜ್ಜಿ. ತುಂಬಾ ದೊಡ್ಡದು.’

ಅಜ್ಜಿ ಕಿಟಕಿಯಿಂದ ಮುಖ ತಿರುಗಿಸಿದಳು. ‘ತುಂಬಾ ಅಂದ್ರೆ?’

‘ಎಣ್ಣೆ ಎಲ್ಲಾ ಸುರಿದೆ. ಇಷ್ಟುದ್ದ ಉರೀತಿದೆ.’

ಅಜ್ಜಿ ಎದ್ದು ನಿಂತಳು. ‘ನಿಲ್ಸಪ್ಪಾ! ಬಸ್ ನಿಲ್ಸೋ!’

ಕಂಡಕ್ಟರ್ ಬಂದ. ‘ಏನಾಯ್ತಜ್ಜಿ?’

‘ಮನೇಲಿ ದೀಪ ದೊಡ್ಡದಾಗಿದೆ ಕಣಪ್ಪ!’

‘ಒಳ್ಳೇದೇ ಆಯ್ತಲ್ಲ, ಕೂತ್ಕಳಿ.’

‘ಅಲ್ಲಪ್ಪಾ, ದೊಡ್ಡದಾಗಿಲ್ಲ! ದೊಡ್ಡದಾಗಿದೆ!’

ಕಂಡಕ್ಟರ್ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದ, ‘ಅಜ್ಜಿಗೆ ಬಿಸಿಲು ಬಡಿದೈತಾ ಪಾಪ?’

ಪ್ರಾಣ ಹೋದರೂ ‘ಉರೀತಿದೆ’ ಅನ್ನುವ ಮಾತನ್ನು ಅಜ್ಜಿ ತನ್ನ ಮನೆಯ ಮೇಲೆ ಹಾಕಲಾರಳು. ನನಗೋ ಗಾಬರಿಯಲ್ಲಿ ಇದ್ದಬದ್ದ ಕನ್ನಡವೂ ಬಿಟ್ಟುಹೋಯಿತು. ‘ಫೈರ್! ಫೈರ್!’ ಅಂದೆ. ಬಸ್ಸು ಗಕ್ಕನೆ ನಿಂತಿತು. ನಾವಿಬ್ಬರು ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸಿನವರೆಲ್ಲ ಇಳಿದು ಪಕ್ಕದ ತೋಟದಲ್ಲಿದ್ದರು.

ಮನೆಗೆ ಏನೂ ಆಗಿರಲಿಲ್ಲ. ಗೋಡೆ ಮಾತ್ರ ಅಟ್ಟದವರೆಗೂ ಕಪ್ಪಗಾಗಿತ್ತು. ಅಜ್ಜಿ ಹೂವಿನಿಂದ ಬತ್ತಿ ಒತ್ತಿ, ಅಲ್ಲೇ ಕುಸಿದು ಕೂತು, ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದಳು, ‘ದೊಡ್ಡದು ಮಾಡು ಅಂದ್ರೆ ದೊಡ್ಡದು ಮಾಡೋದಲ್ಲ ಕಣೇ.’

‘ಮತ್ತೆ ನಿಜವಾಗ್ಲೂ ದೊಡ್ಡದು ಮಾಡ್ಬೇಕಾದ್ರೆ ಏನನ್ನಬೇಕು ಅಜ್ಜಿ?’

ಅಜ್ಜಿ ಖಾಲಿ ಗಿಂಡಿಯನ್ನು ನನ್ನಿಂದ ದೂರ ಸರಿಸಿದಳು. ‘ಏನೂ ಅನ್ಬೇಡ. ಮುಟ್ಲೂಬೇಡ.’

ಯಾವ ಸೂರ್ಯ?

ನನ್ನ ಮೊದಲನೇ ಶೋ ದಬ್ಬೇಘಟ್ಟದ ಕಡೆಯ ಒಂದು ಶಾಲೆಯಲ್ಲಿ. ಏನು ಹೇಳಬೇಕು ಅಂತ ಆಫೀಸಿನವರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು. ಇಂಗ್ಲಿಷಿನಲ್ಲಿ ಸೂರ್ಯ ಒಂದು ವಸ್ತು. ವಸ್ತು ಸತ್ತರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಅದನ್ನೇ ನಾನು ಕನ್ನಡಕ್ಕೆ ತಂದಾಗ ಸೂರ್ಯ ‘ಅವನು’ ಆದ. ಕತ್ತಲಲ್ಲಿ ನನ್ನ ನಡುಗುವ ದನಿಯಲ್ಲಿ ಅದು ಹೀಗೆ ಕೇಳಿಸಿತು: ‘ಸೂರ್ಯನಿಗೂ ವಯಸ್ಸಾಗುತ್ತೆ ಮಕ್ಕಳೇ. ಅವನ ಹೊಟ್ಟೆಯೊಳಗೆ ಹೈಡ್ರೋಜನ್ ಉರಿದು ಹೀಲಿಯಂ ಆಗ್ತಾ ಇದೆ. ಅದರಿಂದಲೇ ಬೆಳಕು. ಒಂದು ದಿನ ಒಳಗಿರೋ ಹೈಡ್ರೋಜನ್ ಎಲ್ಲಾ ಖರ್ಚಾಗುತ್ತೆ. ಆಮೇಲೆ ಸೂರ್ಯ ಸಾಯ್ತಾನೆ.’

ಮೊದಲು ಒಂದು ಹುಡುಗಿ ಬಿಕ್ಕಿದಳು. ಆಮೇಲೆ ಪಕ್ಕದವಳು. ಆಮೇಲೆ ಇಡೀ ಟೆಂಟು. ತಣ್ಣಗಿನ ಗಾಳಿಗೆ ಹಿಂದೆ ಕೂತು ಗೊರಕೆ ಹೊಡೆಯುತ್ತಿದ್ದ ಮೇಷ್ಟರು ಆ ಅಳುವಿಗೆ ಧಡಕ್ಕನೆ ಎದ್ದರು. ‘ಏನ್ರೋ? ಏನಾಯ್ತ್ರೋ?’

‘ಸೂರ್ಯ ಸಾಯ್ತಾನಂತೆ ಸಾರ್!’

‘ಯಾವ ಸೂರ್ಯ? ಏಳನೇ ಕ್ಲಾಸಿನವನಾ? ಅಯ್ಯೋ, ಬೆಳಿಗ್ಗೆ ಪ್ರೇಯರ್‌ನಲ್ಲಿ ಇದ್ನಲ್ಲೋ!’

ಕತ್ತಲಲ್ಲಿ ಒಂದು ಮೂಲೆಯಿಂದ ಅಳುವ ದನಿ ಬಂತು. ‘ಇನ್ನೂ ಇದೀನಿ ಸಾರ್.’

‘ಎಲ್ಲಿದೀಯೋ?’

‘ಇಲ್ಲೇ ಸಾರ್. ನಂಗೂ ಈಗ್ಲೇ ಗೊತ್ತಾಗಿದ್ದು ಸಾರ್.’

ಅಟ್ಟದ ಮೇಲಿನ ಸೂರ್ಯ

ಅಲ್ಲಿಂದಾಚೆ ಎರಡು ನಿರ್ಧಾರ ಮಾಡಿದೆ. ಸೂರ್ಯನನ್ನು ‘ಅದು’ ಅನ್ನಬೇಕು, ಸಾಯುವ ಮಾತು ಎತ್ತಬಾರದು. ಡ್ರೈವರಣ್ಣನಿಗೆ ಮೊದಲನೆಯದು ಸರಿಬರಲಿಲ್ಲ. ‘ಅದು ಇದು ಅಂತೀರಲ್ಲ ಮೇಡಂ, ಕೋಪ ಮಾಡ್ಕಂಡು ನಾಳೆಯಿಂದ್ಲೇ ಬರ್ದೆ ಇದ್ರೆ?’ ಅಂದ.

ಸಾಯುವ ಮಾತಿನ ಬದಲಿಗೆ ನಮ್ಮ ಅಟ್ಟದ ಕಾಯಿ ನೆನಪಾಯಿತು. ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ತಿಂಗಳುಗಟ್ಟಲೆ ಒಳಗಿನ ನೀರು ಇಂಗುತ್ತಾ ಬರುತ್ತೆ. ನೀರು ಹೋದ ಮೇಲೆ ತಿರುಳು ಕುಗ್ಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತೆ. ಸುಲಿದು ಒಡೆದರೆ ಒಳಗೆ ಗಟ್ಟಿಯಾದ ಉಂಡೆ ಕೊಬ್ಬರಿ. ಸೂರ್ಯನದೂ ಹಾಗೇ ಅಂದೆ. ಹೈಡ್ರೋಜನ್ ತೀರಿದ ಮೇಲೆ ನಡುವಿನ ತಿರುಳು ಕುಗ್ಗುತ್ತೆ, ಮೇಲಿನ ಪದರಗಳು ಕಳಚಿ ಆಕಾಶಕ್ಕೆ ಹೋಗುತ್ತವೆ, ಕೊನೆಗೆ ಭೂಮಿಯಷ್ಟೇ ದಪ್ಪದ ಒಂದು ಬಿಳಿ ಉಂಡೆ ಉಳಿಯುತ್ತೆ, ಅದು ಕೋಟಿ ಕೋಟಿ ವರ್ಷ ನಿಧಾನವಾಗಿ ತಣ್ಣಗಾಗ್ತಾ ಇರುತ್ತೆ.

ಈ ಸಲ ಯಾರೂ ಅಳಲಿಲ್ಲ. ತೋಟದವರ ಮನೆಯ ಮಕ್ಕಳು. ಅಳುವುದರ ಬದಲು ಕೇಳತೊಡಗಿದರು.

‘ಅಲ್ಲಾಡ್ಸಿದ್ರೆ ಗಡಗಡ ಅನ್ನುತ್ತಾ ಮಿಸ್?’

‘ಸುಲಿಯೋರು ಯಾರು ಮಿಸ್?’

‘ಮಳೆಗಾಲದಲ್ಲಿ ಕೌಟು ವಾಸನೆ ಬರಲ್ವಾ ಮಿಸ್?’

ಆಕಾಶದಲ್ಲಿ ಮಳೆಗಾಲ ಇಲ್ಲ, ಕೊಬ್ಬರಿ ಕೆಡುವ ಹಾಗೆ ಅದು ಕೆಡುವುದಿಲ್ಲ ಅಂತ ಸಮಾಧಾನ ಮಾಡಿ, ಇದೆಲ್ಲ ಆಗುವುದಕ್ಕೆ ಇನ್ನೂ ಸುಮಾರು ಐನೂರು ಕೋಟಿ ವರ್ಷ ಇದೆ ಅಂತ ಮುಗಿಸಿದೆ. ಆವತ್ತು ವ್ಯಾನಿನಲ್ಲಿ ಡ್ರೈವರಣ್ಣ ಹಾಡು ಹೇಳಿಕೊಂಡು ಓಡಿಸಿದ. ‘ಐನೂರು ಕೋಟಿ! ಹಂಗಾರೆ ಈ ಸಲ ತೆಂಗಿನ ಸಸಿ ಹಾಕ್ಬೋದು ಬುಡಿ ಮೇಡಂ.’

ಮುಂದಿನ ವಾರ ದೊಡ್ಡ ಕ್ಲಾಸಿನ ಮಕ್ಕಳಿದ್ದರು ಅಂತ ಇನ್ನೊಂದು ಮಾತು ಸೇರಿಸಿದೆ. ಸೂರ್ಯ ಮುದಿಯಾಗುತ್ತಾ ನಿಧಾನವಾಗಿ ಕಾವೇರುತ್ತಿದೆ, ನೂರು ಕೋಟಿ ವರ್ಷದ ಹೊತ್ತಿಗೆ ಇಲ್ಲಿಯ ನೀರೆಲ್ಲ ಆವಿಯಾಗಬಹುದು ಅಂದೆ. ವಾಪಸ್ಸು ಬರುವಾಗ ಡ್ರೈವರಣ್ಣ ಹಾಡಲಿಲ್ಲ. ಚಿಕ್ಕನಾಯಕನಹಳ್ಳಿ ರಸ್ತೆಯಲ್ಲಿ ಇದ್ದಕ್ಕಿದ್ದ ಹಾಗೆ ಬ್ರೇಕ್ ಹಾಕಿ ನನ್ನ ಕಡೆ ತಿರುಗಿದ. ಮುಖ ಬಿಳಿಚಿತ್ತು.

‘ಹೋದ ವಾರ ಐನೂರು ಅಂದ್ರಿ. ಈ ವಾರ ನೂರು ಅಂತೀರಿ. ಒಂದ್ ವಾರಕ್ಕೆ ನಾನೂರು ಕೋಟಿ ವರ್ಷ ಎಲ್ಲಿಗ್ ಹೋಯ್ತು ಮೇಡಂ? ನಿನ್ನೆ ತಾನೆ ಸಸಿ ಹಾಕಿದೀನಿ!’

ಬಲಗಡೆ

ಅಜ್ಜಿಯ ಏದುಸಿರು ಜಾಸ್ತಿಯಾದಾಗ ತಿಪಟೂರಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿದರು. ವರದಿ ಮೊದಲು ನನ್ನ ಕೈಗೆ ಬಂತು. ಇಂಗ್ಲಿಷಿನಲ್ಲಿತ್ತು. ಹೃದಯ ಹಿಗ್ಗಿದೆ, ಬಲ ಕಮ್ಮಿಯಾಗಿದೆ ಅಂತ. ಎರಡು ಸಲ ಓದಿ, ಮಡಚಿ ಡಾಕ್ಟರ ಮೇಜಿನ ಮೇಲಿಟ್ಟೆ. ಡಾಕ್ಟರು ಚಿಕ್ಕ ವಯಸ್ಸಿನವರು, ಬೇರೆ ಊರಿನವರು. ಸುಲಭವಾದ ಕನ್ನಡದಲ್ಲಿ ಹೇಳೋಣ ಅಂತ ಅವರಿಗೆ ಆಸೆ.

‘ಅಜ್ಜಿ, ನಿಮ್ಮ ಹಾರ್ಟ್ ಸ್ವಲ್ಪ ದೊಡ್ಡದಾಗಿದೆ.’

ಅಜ್ಜಿ ಸೆರಗು ಸರಿಮಾಡಿಕೊಂಡಳು. ಆಮೇಲೆ, ‘ಯಾವಾಗ?’ ಅಂದಳು.

‘ಇವತ್ತು ನಿನ್ನೆದಲ್ಲ. ವರ್ಷಗಳಿಂದ ನಿಧಾನವಾಗಿ ಆಗಿರುತ್ತೆ.’

‘ನಂಗೆ ಗೊತ್ತೇ ಆಗ್ಲಿಲ್ವಲ್ಲ ಡಾಕ್ಟ್ರೇ. ಪೂರ್ತಿ ದೊಡ್ಡದಾಗಿದೆಯಾ?’

‘ಪೂರ್ತಿ ಅಂತಲ್ಲ. ಎಡಗಡೆ ಜಾಸ್ತಿ.’

‘ಬಲಗಡೆ ಇನ್ನೂ ಇದೆ ಅನ್ನಿ.’

ಡಾಕ್ಟರು ವರದಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ‘ಇದೆ, ಬಲಗಡೆ ಚೆನ್ನಾಗೇ ಇದೆ.’

‘ಅಷ್ಟು ಸಾಕು ಬುಡಿ. ಒಬ್ಬಳಿಗೆ ಎಷ್ಟು ಬೇಕು.’

ಇಬ್ಬರ ಮಾತೂ ಅರ್ಥವಾಗುತ್ತಿದ್ದದ್ದು ಆ ಕೋಣೆಯಲ್ಲಿ ನನಗೊಬ್ಬಳಿಗೇ. ಬಿಡಿಸಿ ಹೇಳಬೇಕಿತ್ತು. ಆದರೆ ಅಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು, ಗಂಟಲಿನಿಂದ ಒಂದು ಶಬ್ದವೂ ಬರಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟು, ‘ಇದು ತಪ್ಪಿಸಬೇಡಿ, ಗಾಬರಿ ಮಾಡ್ಕೋಬೇಡಿ. ಇನ್ನೊಂದು ವಿಷಯ, ಉಪ್ಪು ಹೆಚ್ಚಾಗಬಾರದು’ ಅಂದರು.

‘ನಮ್ಮನೇಲಿ ಇವತ್ತಿನವರೆಗೂ ಹೆಚ್ಚಾಗಿಲ್ಲ’ ಅಂತ ಅಜ್ಜಿ ಹೆಮ್ಮೆಯಿಂದ ಹೇಳಿ ಎದ್ದಳು.

ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡು ನಿಧಾನವಾಗಿ ನಡೆಯುತ್ತಾ, ‘ಒಳ್ಳೇ ಡಾಕ್ಟ್ರು ಕಣೇ. ದೊಡ್ಡದಾಗಿರೋ ಹಾರ್ಟನ್ನೂ ಮಾತ್ರೇಲಿ ನಡೆಸ್ತಾರೆ. ನಿನ್ನ ಸೂರ್ಯನಿಗೂ ಒಂದು ಚೀಟಿ ಬರೆಸ್ಕೋಬೇಕಿತ್ತು’ ಅಂದಳು.

ಉಪ್ಪು

ಅಮ್ಮ ಸಾರಿಗೆ ಉಪ್ಪು ಕಮ್ಮಿ ಮಾಡಿದಳು. ಮಾತ್ರೆ ನಾನೇ ಕೈಯಾರೆ ಕೊಡುತ್ತಿದ್ದೆ. ಆದರೂ ಅಜ್ಜಿಯ ಪಾದ ಊದಿತು. ಚಪ್ಪಲಿ ಹಿಡಿಸದಾಯಿತು. ಒಂದು ಮಧ್ಯಾಹ್ನ ಮಾತಾಡುತ್ತಾ ಮಾತಾಡುತ್ತಾ ಉಸಿರು ಸಿಗದೆ ನನ್ನ ಮೊಣಕೈ ಹಿಡಿದುಕೊಂಡಳು. ಆ ಹಿಡಿತ ಇವತ್ತಿಗೂ ನನ್ನ ಕೈಯಲ್ಲಿದೆ. ಡ್ರೈವರಣ್ಣನೇ ವ್ಯಾನ್ ತಂದ. ಹಿಂದೆ ಸುತ್ತಿಟ್ಟ ಟೆಂಟು, ಅದರ ಮೇಲೆ ಒರಗಿಕೊಂಡ ಅಜ್ಜಿ, ಪಕ್ಕದಲ್ಲಿ ದೇವರಿಗೆ ಹರಕೆಯ ಮೇಲೆ ಹರಕೆ ಹೊರುತ್ತಾ ನಾನು.

ಆಸ್ಪತ್ರೆಗೆ ಅಂತ ಸೀರೆ ತೆಗೆಯಲು ಹೋದ ಅಮ್ಮನಿಗೆ ಅಜ್ಜಿಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಉಪ್ಪಿನ ಪ್ಯಾಕೆಟ್ಟುಗಳು ಸಿಕ್ಕವು. ತಂದುಕೊಟ್ಟವನು ಡ್ರೈವರಣ್ಣ. ‘ಡಾಕ್ಟ್ರು ಹೇಳವ್ರೆ, ಯಾವತ್ತೂ ಸ್ಟಾಕ್ ಇರ್ಬೇಕಂತೆ ಅಂತ ಅಜ್ಜಿ ಅಂದ್ರು ಮೇಡಂ, ನಂಗೇನ್ ಗೊತ್ತು’ ಅಂತ ಅವನು ಕಣ್ಣಲ್ಲಿ ನೀರು ಹಾಕಿಕೊಂಡ. ಸೊಸೆ ಉಪ್ಪೇ ಹಾಕುತ್ತಿಲ್ಲ, ಮನೆಯಲ್ಲಿ ಹೆಚ್ಚಾಗಿಬಿಟ್ಟಿದೆಯೇನೋ ಅಂತ ಅಜ್ಜಿ ತಾನೇ ತರಿಸಿ, ಯಾರೂ ನೋಡದಾಗ ತಟ್ಟೆಗೆ ಉದುರಿಸಿಕೊಳ್ಳುತ್ತಿದ್ದಳು.

ಊತ ಇಳಿದು ಅಜ್ಜಿ ಎದ್ದು ಕೂತ ದಿನ ಡಾಕ್ಟರು ಬಂದು ಪಾದ ಒತ್ತಿನೋಡಿ ತಲೆ ಅಲ್ಲಾಡಿಸಿದರು. ‘ಉಪ್ಪು ಹೆಚ್ಚಾಗಿದೆಯಲ್ಲಜ್ಜಿ! ಇನ್ನೊಂದ್ಸಲ ಹೀಗಾದ್ರೆ ತುಂಬಾ ಕಷ್ಟ.’

ಅವರು ಹೋಗುವವರೆಗೂ ಅಜ್ಜಿ ತಡೆದಳು. ಆಮೇಲೆ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು ಕಿವಿಯಲ್ಲಿ, ‘ಕೇಳಿಸ್ತಾ? ಹೆಚ್ಚಾಗಿದೆಯಂತೆ. ಓಡಿಹೋಗಿ ಎರಡು ಪ್ಯಾಕೆಟ್ ತಗೊಂಡ್ ಬಾ’ ಅಂದಳು.

ತವರಿನಲ್ಲಿ ಶೋ

ಅರಳಗುಪ್ಪೆ ಅಜ್ಜಿಯ ತವರು. ಅಲ್ಲಿಯ ಶಾಲೆಗೆ ನಮ್ಮ ಟೆಂಟು ಹೋಗುತ್ತೆ, ಸಂಜೆಯ ಶೋ ಊರಿನವರಿಗೂ ಇದೆ ಅಂತ ಗೊತ್ತಾದದ್ದೇ ಅಜ್ಜಿ ತಾನೂ ಬರುತ್ತೇನೆ ಅಂತ ಹಟ ಹಿಡಿದು ಕೂತಳು. ನನ್ನ ಭಯ ಕೇಳಬೇಡಿ. ಟೆಂಟಿನೊಳಗೆ ಬಗ್ಗಿ ಹೋಗಬೇಕು, ಕತ್ತಲು, ಜನ, ಗಾಬರಿಯಾಗಬಾರದು ಅಂದಿದ್ದಾರೆ ಡಾಕ್ಟರು. ವ್ಯಾನನ್ನು ತಿಪಟೂರಿನ ಕಡೆಗೆ ಮುಖ ಮಾಡಿ ನಿಲ್ಲಿಸಲು ಹೇಳಿದೆ. ಒಳಗೆ ಅಜ್ಜಿಗೆ ಒಂದೇ ಒಂದು ಕುರ್ಚಿ ಹಾಕಿಸಿದೆ. ಸೂರ್ಯನ ಕೊನೆಯ ಭಾಗವನ್ನು ಹಾರಿಸಿಬಿಡುವುದು ಅಂತ ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ.

ಮಕ್ಕಳು, ಅವರ ಅಜ್ಜಿಯರು, ತುಂಬಿಹೋಯಿತು. ಗ್ರಹ ತೋರಿಸಿದೆ, ನಕ್ಷತ್ರ ತೋರಿಸಿದೆ, ‘ಇಲ್ಲಿಗೆ ಮುಕ್ತಾಯ, ನಮಸ್ಕಾರ’ ಅಂದೆ. ಬಾಗಿಲ ಹತ್ತಿರದಿಂದ ಡ್ರೈವರಣ್ಣ ಕೂಗಿದ, ‘ಮೇಡಂ, ಸೂರ್ಯಂದು ಬಿಟ್ಟೋಯ್ತು!’

‘ಹೌದು ಕಣೇ, ಅದನ್ನ ಹಾಕು’ ಅಂದಳು ಕುರ್ಚಿಯಿಂದ ಅಜ್ಜಿ.

ಹಾಕಿದೆ. ತಲೆಯ ಮೇಲೆ ಹಳದಿ ಸೂರ್ಯ ಮೂಡಿತು. ಸಾಯುತ್ತೆ ಅನ್ನಬಾರದು, ಮುಗಿಯುತ್ತೆ ಅನ್ನಬಾರದು. ಮತ್ತೇನು ಹೇಳಲಿ? ತೆರೆಯ ಮೇಲೆ ಕಾಣುವುದನ್ನೇ ಹೇಳಿದೆ. ‘ಒಳಗಿನ ತಿರುಳು ಕುಗ್ಗಿ, ಕಾವು ಹೆಚ್ಚಿ, ಹೊರಗಿನ ಪದರ ಉಬ್ಬುತ್ತೆ. ಕೆಂಪಗಾಗುತ್ತೆ. ಆಮೇಲೆ... ಸೂರ್ಯ ದೊಡ್ಡದಾಗುತ್ತೆ.’

ಮಕ್ಕಳೆಲ್ಲ ‘ಓ!’ ಅಂದರು. ಅಜ್ಜಿಯರೆಲ್ಲ ಒಟ್ಟಿಗೆ ‘ಅಯ್ಯೋ ಶಿವನೇ!’ ಅಂದರು.

ಆಗ ನನಗೆ ಹೊಳೆಯಿತು. ಇಷ್ಟು ದಿನ ನಾನು ಹುಡುಕುತ್ತಿದ್ದ ಮಾತು ಅದೇ. ಸೂರ್ಯನೂ ಆರುವುದಿಲ್ಲ, ನಮ್ಮ ದೇವರ ದೀಪದ ಹಾಗೆ ದೊಡ್ಡದಾಗುತ್ತೆ.

ಕೆಂಪು ಇಡೀ ಟೆಂಟನ್ನು ತುಂಬಿತು. ಒಬ್ಬ ಮುದುಕಿ ಕತ್ತಲಲ್ಲಿ ಕೇಳಿದಳು, ‘ನಮ್ಮೂರೂ ಹೋಯ್ತದೇನವ್ವ?’

‘ಹೋಗಬಹುದು ಅಜ್ಜಿ.’

‘ತಿಪ್ಟೂರು?’

‘ಅದೂ.’

‘ದಬ್ಬೇಘಟ್ಟ?’

‘ಅದೂ ಅಜ್ಜಿ.’

‘ನಮ್ ಬೀಗರೂರೂ ಹೋಯ್ತದಾ? ಹಂಗಾರೆ ಪರ್ವಾಗಿಲ್ಲ ಬುಡು.’

ಟೆಂಟೆಲ್ಲ ನಕ್ಕಿತು. ಕುರ್ಚಿಯ ಕಡೆಯಿಂದ ಮಾತ್ರ ನಗು ಕೇಳಿಸಲಿಲ್ಲ. ಪದರಗಳು ಕಳಚಿದವು, ನಡುವೆ ಪುಟ್ಟ ಬಿಳಿ ಉಂಡೆ ಉಳಿಯಿತು, ಮಕ್ಕಳು ‘ಕೊಬ್ಬರಿ! ಕೊಬ್ಬರಿ!’ ಅಂತ ಕೂಗಿದರು, ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಹೊರಗೆ ಹೋದರು. ಅಜ್ಜಿ ಏಳಲಿಲ್ಲ.

ತಲೆ ಹಿಂದಕ್ಕೆ ಒರಗಿತ್ತು. ಕಣ್ಣು ಮುಚ್ಚಿತ್ತು.

‘ಅಜ್ಜಿ.’

ಮಾತಿಲ್ಲ. ಕೈ ಮುಟ್ಟಿದೆ. ತಣ್ಣಗಿತ್ತು. ‘ಅಜ್ಜೀ!’

ಅಷ್ಟರಲ್ಲಿ ಹೊರಗಿನಿಂದ ಡ್ರೈವರಣ್ಣ ಕೇಳಿದ. ಫ್ಯಾನ್ ನಿಂತರೆ ಟೆಂಟು ಮೈಮೇಲೆ ಬೀಳುತ್ತೆ. ಅಜ್ಜಿಯ ತವರು, ಫ್ಯಾನ್ ಆರಿಸಲಾ ಅನ್ನಬಾರದು ಅಂತ ಅವನು ಮರ್ಯಾದೆಯಿಂದ ಕೇಳಿದ್ದು ಹೀಗೆ: ‘ಎಲ್ಲಾ ಬಂದ್ರಾ ಮೇಡಂ? ದೊಡ್ಡದು ಮಾಡ್ಬುಡ್ಲಾ?’

‘ಬೇಡ!’ ಅಂತ ಕಿರುಚಿದೆ. ‘ದೊಡ್ಡದು ಮಾಡ್ಬೇಡಿ! ಅಜ್ಜಿ ಇನ್ನೂ ಇದಾಳೆ!’

ಜನ್ಮದಲ್ಲಿ ಅಷ್ಟು ಜೋರಾಗಿ ನಾನು ಮಾತಾಡಿರಲಿಲ್ಲ. ಹೊರಗೆ ಊರೆಲ್ಲ ಸುಮ್ಮನಾಯಿತು.

ಅಜ್ಜಿ ಒಂದು ಕಣ್ಣು ತೆರೆದಳು. ‘ಇರೋದು ನಂಗೂ ಗೊತ್ತು. ಯಾಕೇ ಊರಿಗೆಲ್ಲ ಸಾರ್ತೀಯ?’

‘ನಿದ್ದೆ ಬಂದಿತ್ತಾ ಅಜ್ಜಿ?’

‘ಇಲ್ಲ ಕಣೇ. ಬಲಗಡೇದು ನಡೀತಾ ಇದೆಯಾ ಅಂತ ಕೇಳಿಸ್ಕೋತಿದ್ದೆ. ನೀನು ಕಿರುಚಿದ್ದಕ್ಕೆ ಎಡಗಡೇದೂ ಶುರುವಾಯ್ತು.’

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ರಿಮೋಟು ಇನ್ನೂ ನನ್ನ ಕೈಯಲ್ಲಿತ್ತು. ಅಜ್ಜಿ ಅದನ್ನೂ ನೋಡಿದಳು, ಟೆಂಟಿನ ಖಾಲಿ ಕಪ್ಪನ್ನೂ ನೋಡಿದಳು. ಆಮೇಲೆ ಪಾದಗಳನ್ನು ಹತ್ತಿರಕ್ಕೆ ಎಳೆದುಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಳು.

‘ಇನ್ನೊಂದ್ಸಲ ಹಾಕೇ ಪುಟ್ಟಿ. ಈ ಸಲ ದೊಡ್ಡದಾಗೋಕೆ ಮುಂಚೆ ನಿಲ್ಲಿಸ್ಬುಡು.’